ಹೊಸ ಕೋಚ್ ಬಂದ ವರ್ಷ

ಶಿಕಾರಿಪುರ-ಸೊರಬದ ಕಡೆಯವನು ಫುಟ್‌ಬಾಲ್ ಇತಿಹಾಸ ಬರೆಯೋಕೆ ಕೂತ ಅಂದ್ರೆ ನಮ್ಮೂರಲ್ಲೇ ನಗ್ತಾರೆ. ನಗೋದ್ರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಶಾಲೆ ಮೈದಾನ ಅಂದ್ರೆ ಸುಣ್ಣದಲ್ಲಿ ಗೀಚಿದ ಕಬಡ್ಡಿ ಅಂಕಣ, ಎರಡು ಖೋ ಖೋ ಕಂಬ, ಅದೃಷ್ಟ ಇದ್ದರೆ ಮೂಲೆಯಲ್ಲೊಂದು ವಾಲಿಬಾಲ್ ನೆಟ್. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಕ್ರಿಕೆಟ್. ನಾನು ಓದಿದ ಹೈಸ್ಕೂಲಿನಲ್ಲಿ ಗೋಲ್ ಪೋಸ್ಟೇ ಇರಲಿಲ್ಲ. ಕಾಲಲ್ಲಿ ಒದೆಯೋ ಚೆಂಡು ಇತ್ತು, ಆದರೆ ಅದು ಸ್ಟಾಫ್ ರೂಮಿನ ಬೀರುವಿನ ಮೇಲೆ, ಗಾಳಿ ಇಲ್ಲದೆ.

ಆದರೆ ಒಂದು ವಿಷಯ ನಮ್ಮವರಿಗೆ ಚೆನ್ನಾಗಿ ಗೊತ್ತು. ಗೆಲ್ಲುವಂಥದ್ದನ್ನು ತಯಾರು ಮಾಡೋದು ಹೇಗೆ ಅನ್ನೋದು. ದೀಪಾವಳಿ ಮುಗಿದ ಮೇಲೆ ನಮ್ಮ ಎರಡೂ ತಾಲ್ಲೂಕುಗಳಲ್ಲಿ, ಪಕ್ಕದ ಹಾನಗಲ್ಲು ಹಿರೇಕೆರೂರು ಕಡೆ ಹೋರಿ ಹಬ್ಬ ಶುರುವಾಗುತ್ತದಲ್ಲ, ಅದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಕೊಬ್ಬರಿ ಹಾರ ಕಟ್ಟಿಸಿಕೊಂಡು ಅಖಾಡದಲ್ಲಿ ಜನರ ನಡುವೆ ನುಗ್ಗಿ, ಯಾರ ಕೈಗೂ ಸಿಗದೆ ಪಾರಾದ ಹೋರಿಗೆ ಸಿನಿಮಾ ನಟರಿಗಿದ್ದ ಹಾಗೆ ಅಭಿಮಾನಿಗಳು. ಹೆಸರಿಟ್ಟು ಕೂಗ್ತಾರೆ, ಬ್ಯಾನರ್ ಕಟ್ಟಿಸ್ತಾರೆ. ಓಟ ಕೆಲವೇ ಕ್ಷಣದ್ದು. ಆದರೆ ಆ ಕ್ಷಣದ ಹಿಂದೆ ವರ್ಷಗಟ್ಟಲೆ ಹುರುಳಿ, ಹಿಂಡಿ, ಕೆರೆಯಲ್ಲಿ ಈಜು, ಬೆಳಗಿನ ಓಟ ಇರುತ್ತದೆ. ಹೋರಿ ಗೆದ್ದ ದಿನ ಅದರ ಹಗ್ಗ ಹಿಡಿದವನಿಗೆ ಹಾರ ಹಾಕ್ತಾರೆ ನಿಜ. ಆದ್ರೆ ಈ ದೀಪಾವಳಿಗೆ ಹಗ್ಗ ಹಿಡಿದವನೇ ಹೋರಿ ಮಾಡಿದ ಅಂತ ನಮ್ಮೂರಲ್ಲಿ ಯಾರೂ ಹೇಳಲ್ಲ. ಅದನ್ನು ಸಾಕಿದ ಮನೆ ಯಾವುದು ಅಂತ ಮೊದಲು ಕೇಳ್ತಾರೆ.

ಫುಟ್‌ಬಾಲಿನಲ್ಲಿ ಮಾತ್ರ ಈ ಪ್ರಶ್ನೆ ಕೇಳೋದನ್ನ ಮರೆತುಬಿಡ್ತೀವಿ. ಹೊಸ ಕೋಚ್ ಬಂದ, ತಂಡ ಗೆದ್ದಿತು, ಕತೆ ಮುಗೀತು! ಕರ್ನಾಟಕದಲ್ಲಿ ಇಂಥ ಕತೆಗಳಲ್ಲಿ ಅತಿ ದೊಡ್ಡದು 2013-14ರದ್ದು. ಬೆಂಗಳೂರು ಎಫ್‌ಸಿ ಅನ್ನೋ ಕ್ಲಬ್ಬು ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದ ಕತೆ. ಆ ಋತುವಿನ ಹಿಂದೆ ಏನಿತ್ತು, ಮುಂದೆ ಏನಾಯ್ತು, ಕೋಚ್ ಪಾಲೆಷ್ಟು, ಸಾಕಿದ ಮನೆ ಪಾಲೆಷ್ಟು ಅಂತ ನನಗೆ ತಿಳಿದಷ್ಟು ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ :)

ಮೊದಲು ಸಾಕಿದ ಮನೆ

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡಿನ ಜೊತೆಗೆ. 1809ರಲ್ಲಿ ಬ್ರಿಟಿಷರು ಇಲ್ಲಿ ಕಂಟೋನ್ಮೆಂಟ್ ಮಾಡಿಕೊಂಡರು. ಮುಂದೆ ಸೋಲ್ಜರುಗಳು ಆಡೋದನ್ನ ನೋಡಿ ಸುತ್ತಲಿನ ಬೀದಿಗಳ ಹುಡುಗರು ಕಲಿತರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು ಬಳಿಯ ಗೌತಮಪುರ... ಇವೆಲ್ಲ ಇವತ್ತಿಗೂ ಫುಟ್‌ಬಾಲಿನ ಬೀದಿಗಳೇ. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ನಮ್ಮ ಊರುಗಳಲ್ಲಿ ಬಸ್‌ಸ್ಟ್ಯಾಂಡಿನ ಎದುರು ರಾಜ್‌ಕುಮಾರ್ ಪ್ರತಿಮೆ ಇದ್ದ ಹಾಗೆ.

ಆ ಕಾಲದ ದೊಡ್ಡ ಪಂದ್ಯಾವಳಿಗಳಲ್ಲೊಂದು ಬೊಂಬಾಯಿಯ ರೋವರ್ಸ್ ಕಪ್. ಬ್ರಿಟಿಷ್ ಪಡೆಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನೋ ತಂಡ ಗೆದ್ದಿತು. ಮರುವರ್ಷ 1938ರಲ್ಲಿ ಮತ್ತೆ ಗೆದ್ದಿತು. ಕಲ್ಕತ್ತೆಯವರಿಗಿಂತ ಮೊದಲೇ ರೋವರ್ಸ್ ಕಪ್ಪಿಗೆ ಕೈ ಹಾಕಿದವರು ನಮ್ಮ ಬೆಂಗಳೂರಿನವರು ಅನ್ನೋದು ಎಷ್ಟು ಜನಕ್ಕೆ ಗೊತ್ತು ಹೇಳಿ?

ಸ್ವಾತಂತ್ರ್ಯ ಬಂದ ಮೇಲೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿ 1-2ರಿಂದ ಸೋತರಲ್ಲ, ಆ ತಂಡದಲ್ಲಿದ್ದ ಅಹ್ಮದ್ ಖಾನ್ ಬೆಂಗಳೂರಿನವರು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರಾದರು. ಆ ಐವರನ್ನು ಬಂಗಾಳಿಗಳು 'ಪಂಚ ಪಾಂಡವರು' ಅಂತಲೇ ಕರೆಯುತ್ತಿದ್ದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಚಿನ್ನ ಗೆದ್ದಾಗ ತಂಡದಲ್ಲಿದ್ದ ಅರುಮೈನಾಯಗಂ, 1990ರ ದಶಕದಲ್ಲಿ ಭಾರತದ ನಾಯಕನಾದ ಕಾರ್ಲ್‌ಟನ್ ಚಾಪ್‌ಮನ್, ಇವರೂ ಬೆಂಗಳೂರಿನ ಮಣ್ಣಿನವರೇ. ಆಡೋಕೆ ಕಲಿತದ್ದು ಇಲ್ಲಿ, ಹೆಸರು ಮಾಡಿದ್ದು ಕಲ್ಕತ್ತೆಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ರಾಜ್ಯ ತಂಡ. ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಶುರುವಾದದ್ದು 1941ರಲ್ಲಿ. ಸಂತೋಷ್ ಅಂದ್ರೆ ನಮ್ಮ ಸಂತೋಷ ಅಲ್ಲ! ಈಗ ಬಾಂಗ್ಲಾದೇಶದಲ್ಲಿರುವ ಒಂದು ಸಂಸ್ಥಾನದ ಹೆಸರು. ಅಲ್ಲಿನ ಮಹಾರಾಜರ ನೆನಪಿಗೆ ಇಟ್ಟ ಟ್ರೋಫಿ ಅದು. ಮೈಸೂರು ಅದನ್ನು ನಾಲ್ಕು ಸಲ ಗೆದ್ದಿತು. 1946-47, 1952-53, 1967-68, 1968-69. ನಾಲ್ಕೂ ಸಲ ಫೈನಲ್ಲಿನಲ್ಲಿ ಸೋತದ್ದು ಬಂಗಾಳ. ಭಾರತದ ಫುಟ್‌ಬಾಲ್ ಅಂದ್ರೆ ಬಂಗಾಳ ಅನ್ನೋ ಕಾಲದಲ್ಲಿ ಅದೇ ಬಂಗಾಳವನ್ನು ನಾಲ್ಕು ಫೈನಲ್ಲುಗಳಲ್ಲಿ ಸೋಲಿಸಿದ್ದು ಸಣ್ಣ ಮಾತಲ್ಲ.

ಅಲ್ಲಿಗೆ ನಿಂತಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. 1975-76ರಲ್ಲಿ ಫೈನಲ್ ತನಕ ಹೋಗಿ ಬಂಗಾಳದ ಕೈಲಿ ಸೋತರು. ಆಮೇಲೆ ದಶಕಗಳ ಕಾಲ ಟ್ರೋಫಿ ಇತ್ತ ಬರಲೇ ಇಲ್ಲ.

ಕಂಪನಿ ತಂಡಗಳ ಕಾಲ

ಇಷ್ಟು ಹಳೆಯ ಮನೆ ಇದ್ದೂ ಯಾಕೆ ನಿಂತಿತು? ನನ್ನ ಪ್ರಕಾರ ಇದಕ್ಕೆ ಒಂದು ಮುಖ್ಯ ಕಾರಣ, ಬೆಂಗಳೂರಿನ ಫುಟ್‌ಬಾಲನ್ನು ಸಾಕುತ್ತಿದ್ದವರು ಸಾರ್ವಜನಿಕ ಉದ್ಯಮಗಳು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಜೊತೆಗೆ ಎಂಇಜಿ, ಎಎಸ್‌ಸಿಯಂಥ ಸೇನೆಯ ತಂಡಗಳು. ಚೆನ್ನಾಗಿ ಆಡುವ ಹುಡುಗನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ. ತಿಂಗಳಾದರೆ ಸಂಬಳ, ನಿವೃತ್ತಿಯಾದರೆ ಪೆನ್ಷನ್. ಆಸ್ಟಿನ್ ಟೌನಿನ ಅಪ್ಪ-ಅಮ್ಮಂದಿರು ಮಗ ಚೆಂಡು ಒದೆಯೋದನ್ನ ಸಹಿಸಿಕೊಂಡದ್ದು ಈ ಕೆಲಸದ ಆಸೆಗೇ. ಅದನ್ನು ಕಡೆಗಣಿಸಬೇಡಿ. ಬಡವರ ಮನೆಯ ಹುಡುಗನಿಗೆ ಆಟ ಒಂದು ದಾರಿ ಆಗಿದ್ದದ್ದು ಈ ಕಾರ್ಖಾನೆಗಳಿಂದ.

ಕಾರ್ಖಾನೆಗಳು ಸೊರಗಿದ ಹಾಗೆ ತಂಡಗಳೂ ಸೊರಗಿದವು. ಹೊಸ ನೇಮಕ ಕಡಿಮೆಯಾಯಿತು. ಇದ್ದ ಆಟಗಾರರಿಗೆ ವಯಸ್ಸಾಯಿತು. 1996ರಲ್ಲಿ ಶುರುವಾದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ ಐಟಿಐ ಆಡಿತು, ಆಮೇಲೆ ಎಚ್‌ಎಎಲ್ ಆಡಿತು. ಆದರೆ ವಿದೇಶಿ ಆಟಗಾರರನ್ನು ದುಡ್ಡು ಕೊಟ್ಟು ತರುವ ಕಲ್ಕತ್ತೆ, ಗೋವಾದ ಕ್ಲಬ್ಬುಗಳ ಎದುರು ನೌಕರರ ತಂಡ ಎಷ್ಟು ದಿನ ನಿಂತೀತು? ಲೀಗಿಗೆ ಐ-ಲೀಗ್ ಅಂತ ಹೊಸ ಹೆಸರು ಬಂದದ್ದು 2007ರಲ್ಲಿ. ಎಚ್‌ಎಎಲ್ 2011-12ರ ಋತುವಿನ ಕೊನೆಗೆ ಅದರಿಂದ ಕೆಳಗಿಳಿಯಿತು. ಮರುವರ್ಷ ಐ-ಲೀಗಿನಲ್ಲಿ ಬೆಂಗಳೂರಿನ ತಂಡವೇ ಇಲ್ಲ!

ಇನ್ನೊಂದು ಲೆಕ್ಕ ನೋಡಿ. 2007-08ರಿಂದ 2012-13ರ ತನಕ ಆರು ಐ-ಲೀಗ್ ನಡೆದವು. ಡೆಂಪೊ ಮೂರು, ಚರ್ಚಿಲ್ ಬ್ರದರ್ಸ್ ಎರಡು, ಸಾಲ್ಗಾಂವ್‌ಕರ್ ಒಂದು. ಆರಕ್ಕೆ ಆರೂ ಗೋವಾದ ಕ್ಲಬ್ಬುಗಳೇ. ನಮ್ಮ ಒಂದು ಜಿಲ್ಲೆಗಿಂತ ಚಿಕ್ಕ ರಾಜ್ಯ ಅದು.

2013

ಆ ವರ್ಷ ಫುಟ್‌ಬಾಲ್ ಫೆಡರೇಷನ್ನಿನವರು ಲೈಸೆನ್ಸ್ ನಿಯಮಗಳಿಗೆ ಹೊಂದುವುದಿಲ್ಲ ಅಂತ ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳನ್ನು ಲೀಗಿನಿಂದ ಹೊರಗೆ ಹಾಕಿದರು. ಅದೇ ವರ್ಷ ಬೆಂಗಳೂರಿಗೆ ಹೊಸ ಕ್ಲಬ್ ಮಾಡೋಕೆ ಜೆಎಸ್‌ಡಬ್ಲ್ಯೂ ಕಂಪನಿಗೆ ಅವಕಾಶ ಕೊಟ್ಟರು. ಬಳ್ಳಾರಿ ಬಳಿಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರು. ಅಂದ್ರೆ ನೌಕರರ ತಂಡಗಳ ಬಾಗಿಲು ಮುಚ್ಚಿದ ವರ್ಷವೇ ಖಾಸಗಿ ಬಂಡವಾಳದ ಕ್ಲಬ್ಬಿಗೆ ಬಾಗಿಲು ತೆರೆಯಿತು. ಇದು ಕಾಕತಾಳೀಯ ಅಲ್ಲ. ಒಂದು ಕಾಲ ಮುಗಿದು ಇನ್ನೊಂದು ಶುರುವಾದದ್ದು.

2013ರ ಜುಲೈ 20ಕ್ಕೆ ಕ್ಲಬ್ಬಿನ ಹೆಸರು, ಲಾಂಛನ ಹೊರಬಂತು. ಕೋಚ್ ಆಗಿ ಬಂದವರು ಆಶ್ಲಿ ವೆಸ್ಟ್‌ವುಡ್. ಇಂಗ್ಲೆಂಡಿನವರು, ಆಗ ಇನ್ನೂ 36 ವರ್ಷ. ಮ್ಯಾಂಚೆಸ್ಟರ್ ಯುನೈಟೆಡ್ಡಿನ ಯುವ ತಂಡದಲ್ಲಿ ಬೆಳೆದು, ಆಮೇಲೆ ಕ್ರೂ, ಶೆಫೀಲ್ಡ್ ವೆನ್ಸ್‌ಡೇಯಂಥ ಕ್ಲಬ್ಬುಗಳಿಗೆ ರಕ್ಷಣೆಯಲ್ಲಿ ಆಡಿದವರು. ಆಟ ಬಿಟ್ಟ ಮೇಲೆ ಬ್ಲ್ಯಾಕ್‌ಬರ್ನ್ ರೋವರ್ಸ್‌ನಲ್ಲಿ ಸಹಾಯಕ ಕೋಚ್ ಆಗಿದ್ದರು. ಭಾರತದ ಫುಟ್‌ಬಾಲಿನಲ್ಲಿ ಯಾರೂ ಕೇಳಿರದ ಹೆಸರು. ಅವರಿಗೆ ಸಹಾಯಕರಾಗಿ ನಿಂತವರು ಪ್ರದ್ಯುಮ್ನ ರೆಡ್ಡಿ. ಅದಕ್ಕೂ ಮೊದಲು ಶಿಲ್ಲಾಂಗ್ ಲಾಜೊಂಗ್ ಕ್ಲಬ್ಬಿನಲ್ಲಿದ್ದು ಇಲ್ಲಿನ ಲೀಗು ಬಲ್ಲವರು.

ಲೀಗ್ ಶುರುವಾಗೋಕೆ ಎರಡು ತಿಂಗಳು. ಕ್ಲಬ್ಬಿನಲ್ಲಿ ಮೊದಲಿಗೆ ಒಬ್ಬ ಆಟಗಾರನೂ ಇಲ್ಲ.

ಒಬ್ಬೊಬ್ಬರೇ ಬಂದರು. ಅಷ್ಟೊತ್ತಿಗಾಗಲೇ ಭಾರತದ ನಾಯಕನಾಗಿದ್ದ ಸುನಿಲ್ ಛೆಟ್ರಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನಿಂದ ಎರವಲಾಗಿ ಬಂದು ಚರ್ಚಿಲ್ ಪರ ಆಡಿ, ಹಿಂದಿನ ಲೀಗ್ ಗೆದ್ದಿದ್ದರು. ಅವರು ಬಂದು ಇಲ್ಲೂ ನಾಯಕರಾದರು. ಮುನ್ಪಡೆಗೆ ರಾಬಿನ್ ಸಿಂಗ್. ಕೇರಳದಿಂದ ರೀನೊ ಆಂಟೊ, ಮಣಿಪುರದಿಂದ ಥೋಯಿ ಸಿಂಗ್. ರಕ್ಷಣೆಯ ನಡುವೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೆನ್ಯಾದ ಕರ್ಟಿಸ್ ಒಸಾನೊ. ಮುಂದೆ ಆಸ್ಟ್ರೇಲಿಯಾದ ಶಾನ್ ರೂನಿ, ನಡುವೆ ಲೈಬೀರಿಯಾದ ಜಾನಿ ಮೆನ್ಯೊಂಗರ್. ಬೆಂಗಳೂರಿನ ಹುಡುಗ ಅಂದ್ರೆ ಆಗಿನ್ನೂ 18 ತುಂಬಿದ್ದ ಶಂಕರ್ ಸಂಪಂಗಿರಾಜ್.

ಒಂದೇ ಊರಿನಲ್ಲಿ ಒಟ್ಟಿಗೆ ಬೆಳೆದ ತಂಡ ಅಲ್ಲ ಇದು. ಸಂತೆಯಲ್ಲಿ ಬೇರೆ ಬೇರೆ ಊರಿನ ಎತ್ತು ತಂದು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಹಾಗೆ ಕಟ್ಟಿದ ಜೋಡಿ ಮೊದಲ ದಿನವೇ ಸಾಲು ಹೊಡೆಯಲ್ಲ ಅಂತ ಉಳುಮೆ ಮಾಡಿದ ಯಾರಿಗಾದರೂ ಗೊತ್ತು.

ಇಲ್ಲೇ ವೆಸ್ಟ್‌ವುಡ್ ಕೆಲಸ ಕಾಣೋದು. ಅವರ ಬಗ್ಗೆ ಮಾತಾಡಿದವರೆಲ್ಲ ಹೇಳುವ ಮಾತು ಒಂದೇ, ಶಿಸ್ತು. ದೇಹ ಗಟ್ಟಿ ಇರಬೇಕು, ತಟ್ಟೆಯಲ್ಲಿ ಏನಿರಬೇಕು ಅನ್ನೋದಕ್ಕೂ ಲೆಕ್ಕ, ಆಡಿದ ಪಂದ್ಯವನ್ನು ವಿಡಿಯೋದಲ್ಲಿ ಮತ್ತೆ ಕೂತು ನೋಡಬೇಕು. ಇವತ್ತು ಇದು ದೊಡ್ಡ ಸಂಗತಿ ಅನ್ನಿಸಲ್ಲ. ಆಗ ನಮ್ಮ ಬಹಳಷ್ಟು ಕ್ಲಬ್ಬುಗಳಲ್ಲಿ ಇದು ರೂಢಿಯಲ್ಲಿರಲಿಲ್ಲ. ಇನ್ನೊಂದು ವಿಷಯ ಕೋಚಿಗಿಂತ ಕ್ಲಬ್ಬಿನದು. ಐ-ಲೀಗಿನಲ್ಲಿ ಸಂಬಳ ಬಾಕಿ ಅನ್ನೋದು ಹೊಸ ಸುದ್ದಿಯೇ ಅಲ್ಲದ ಕಾಲದಲ್ಲಿ ಇಲ್ಲಿ ಹಿಂದೆ ನಿಂತದ್ದು ದೊಡ್ಡ ಕಂಪನಿ. ಮನೆ ಬಾಡಿಗೆ ಚಿಂತೆ ಇಲ್ಲದವನು ಬೆಳಿಗ್ಗೆ ಓಡ್ತಾನೆ. ಚಿಂತೆ ಇದ್ದವನ ಕಾಲು ಓಡಿದರೂ ತಲೆ ಬೇರೆಲ್ಲೋ ಇರುತ್ತೆ.

2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೊದಲ ಪಂದ್ಯ. ಎದುರಾಳಿ ಯಾರು? 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್! ಎರಡು ತಿಂಗಳ ಕೂಸು, 124 ವರ್ಷದ ಅಜ್ಜ. ಶಾನ್ ರೂನಿ ಹೊಡೆದ ಗೋಲು ಕ್ಲಬ್ಬಿನ ಮೊದಲ ಗೋಲಾಯಿತು. ಪಂದ್ಯ 1-1ರಲ್ಲಿ ಮುಗಿಯಿತು. ಆ ಸ್ಟೇಡಿಯಂನ ಪಶ್ಚಿಮದ ಸ್ಟ್ಯಾಂಡಿನಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡಿ ಕೂಗುತ್ತಿದ್ದ ಹುಡುಗರೇ ಮುಂದೆ 'ವೆಸ್ಟ್ ಬ್ಲಾಕ್ ಬ್ಲೂಸ್' ಆದರು.

ನಾನು ಆ ವರ್ಷದ ಪಂದ್ಯಗಳನ್ನು ಹೆಚ್ಚಾಗಿ ಹಿಂಬಾಲಿಸಿದ್ದು ಊರಲ್ಲೇ. ಪೇಪರಿನ ಕ್ರೀಡಾಪುಟದ ಕೆಳಮೂಲೆಯ ನಾಲ್ಕು ಸಾಲು, ಕರೆಂಟ್ ಇದ್ದರೆ ಟೆನ್ ಆಕ್ಷನ್ ಚಾನೆಲ್ಲು. ನಮ್ಮ ಚಿಕ್ಕಪ್ಪ ಒಂದು ಸಲ ಪಕ್ಕದಲ್ಲಿ ಕೂತು ಅರ್ಧ ಗಂಟೆ ನೋಡಿ, "ಇಷ್ಟೊತ್ತಿಗೆ ಕಬಡ್ಡಿ ಆಗಿದ್ರೆ ಮೂವತ್ತು ಪಾಯಿಂಟ್ ಆಗಿರೋದು ಕಣೋ" ಅಂತ ಎದ್ದು ಹೋದರು. ಅವರ ಮಾತೂ ಸುಳ್ಳಲ್ಲ :)

ಲೀಗಿನಲ್ಲಿ 13 ತಂಡ. ಒಬ್ಬೊಬ್ಬರಿಗೆ 24 ಪಂದ್ಯ. ಬೆಂಗಳೂರು 14 ಗೆದ್ದಿತು, 5 ಡ್ರಾ, 5 ಸೋಲು. ಒಟ್ಟು 47 ಅಂಕ. ಎರಡನೇ ಸ್ಥಾನದ ಈಸ್ಟ್ ಬೆಂಗಾಲಿಗೆ 43. ಛೆಟ್ರಿ ಒಬ್ಬರೇ 14 ಗೋಲು ಹೊಡೆದರು. ಈ ಅಂಕಿಗಳಲ್ಲಿ ನನಗೆ ಇಷ್ಟವಾಗೋದು ಆ 5 ಸೋಲು. ಸೋಲದೇ ಇದ್ದ ತಂಡ ಅಲ್ಲ, ಐದು ಸಲ ಬಿದ್ದು ಎದ್ದ ತಂಡ.

ಕಿರೀಟ ಖಚಿತವಾದದ್ದು 2014ರ ಏಪ್ರಿಲ್ 21ರಂದು. ಇನ್ನೊಂದು ಪಂದ್ಯ ಬಾಕಿ ಇರುವಾಗಲೇ. ಎಲ್ಲಿ ಅಂತೀರಿ? ಗೋವಾದ ಮಡಗಾಂವಿನ ಫತೋರ್ಡಾ ಮೈದಾನದಲ್ಲಿ. ಯಾರ ಎದುರು? ಡೆಂಪೊ ಎದುರು, 4-2. ಆರು ವರ್ಷ ಗೋವಾ ಬಿಟ್ಟು ಹೊರಗೆ ಹೋಗದ ಕಪ್ಪನ್ನು, ಗೋವಾಕ್ಕೇ ಹೋಗಿ, ಅದರಲ್ಲಿ ಮೂರು ಸಲ ಗೆದ್ದವರನ್ನೇ ಸೋಲಿಸಿ ತಂದರು. ಮೊದಲ ವರ್ಷವೇ ಐ-ಲೀಗ್ ಗೆದ್ದ ಕ್ಲಬ್ ಅದಕ್ಕೆ ಮುಂಚೆ ಇರಲಿಲ್ಲ.

ಹಾಗಾದರೆ ಗೆಲ್ಲಿಸಿದ್ದು ಯಾರು?

ಇಲ್ಲಿ ಎರಡು ವಾದ ಇವೆ. ಕಾಫಿ ಕುಡೀತಾ ಗಂಟೆಗಟ್ಟಲೆ ಜಗಳ ಆಡಬಹುದಾದಂಥವು.

ಒಂದು, ಎಲ್ಲಾ ಕೋಚ್ ಮಹಿಮೆ. ಬೆಂಗಳೂರಿನಲ್ಲಿ ಫುಟ್‌ಬಾಲ್ ಮೊದಲೂ ಇತ್ತು, ಜನ ಇದ್ದರು, ಬೀದಿ ಇದ್ದವು. ಆದರೂ 45 ವರ್ಷ ರಾಷ್ಟ್ರಮಟ್ಟದ ದೊಡ್ಡ ಕಿರೀಟ ಬಂದಿರಲಿಲ್ಲ. ವೆಸ್ಟ್‌ವುಡ್ ಬಂದರು, ಒಂಬತ್ತು ತಿಂಗಳಲ್ಲಿ ಬಂತು. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಇನ್ನೊಂದು, ಎಲ್ಲಾ ದುಡ್ಡಿನ ಮಹಿಮೆ. ಛೆಟ್ರಿಯನ್ನು ಕೊಡಿ, ಗಟ್ಟಿ ರಕ್ಷಣೆ ಕೊಡಿ, ಒಳ್ಳೆ ಊಟ ಕೊಡಿ, ಯಾರೇ ಕೋಚ್ ಆದರೂ ಗೆಲ್ತಿದ್ದರು.

ಎರಡನೇ ವಾದ ನಿಲ್ಲಲ್ಲ ಅಂತ ನನಗನ್ನಿಸುತ್ತೆ. ದುಡ್ಡು ಸುರಿದು ಮುಳುಗಿದ ಕ್ಲಬ್ಬುಗಳು ಭಾರತದಲ್ಲಿ ಬೇಕಾದಷ್ಟಿವೆ. 2005-06ರ ನ್ಯಾಷನಲ್ ಲೀಗ್ ಗೆದ್ದ ಮಹೀಂದ್ರಾ ಯುನೈಟೆಡ್ ಹಿಂದೆ ದೊಡ್ಡ ಕಂಪನಿಯೇ ಇತ್ತು, ಕೆಲವೇ ವರ್ಷಕ್ಕೆ ತಂಡ ಮುಚ್ಚಿದರು. ಆದರೆ ಮೊದಲನೇ ವಾದವೂ ಪೂರ್ತಿ ಅಲ್ಲ. ಯಾಕೆ ಅಂತ ತಿಳಿಯೋಕೆ ಆ ಕ್ಲಬ್ಬಿನ ಮುಂದಿನ ವರ್ಷಗಳನ್ನು ನೋಡಬೇಕು.

2015ರ ಜನವರಿಯಲ್ಲಿ ಫೆಡರೇಷನ್ ಕಪ್ ಗೆದ್ದರು. ಅದೇ ವರ್ಷ ಮೇ 31ರಂದು ಕಂಠೀರವದಲ್ಲಿ ಲೀಗಿನ ಕೊನೇ ಪಂದ್ಯ. ಬೆಂಗಳೂರು ಗೆದ್ದಿದ್ದರೆ ಮತ್ತೆ ಚಾಂಪಿಯನ್. ಇನ್ನೇನು ಮುಗೀತು ಅನ್ನುವಾಗ ಮೋಹನ್ ಬಾಗಾನ್ ಗೋಲು ಹೊಡೆದು 1-1 ಮಾಡಿ ಕಪ್ ಒಯ್ದಿತು. 2015-16ರಲ್ಲಿ ವೆಸ್ಟ್‌ವುಡ್ ಮತ್ತೆ ಲೀಗ್ ಗೆದ್ದು, ಆಮೇಲೆ ಹೊರಟರು. ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಬಂದ ಕೆಲವೇ ತಿಂಗಳಿಗೆ, 2016ರ ನವೆಂಬರಿನಲ್ಲಿ, ತಂಡ ಎಎಫ್‌ಸಿ ಕಪ್ಪಿನ ಫೈನಲ್ ಆಡಿತು. ಆ ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್. ದೋಹಾದಲ್ಲಿ ಇರಾಕಿನ ತಂಡಕ್ಕೆ 0-1ರಿಂದ ಸೋತರು.

ಆಮೇಲೆ ಕ್ಲಬ್ ಇಂಡಿಯನ್ ಸೂಪರ್ ಲೀಗಿಗೆ ಹೋಯಿತು. 2018ರ ಮಾರ್ಚ್ 17ರಂದು ಬೆಂಗಳೂರಿನಲ್ಲೇ ಫೈನಲ್ ಸೋತರು, ಚೆನ್ನೈಯಿನ್ ಎದುರು 2-3. ರೋಕಾ ಹೋದರು. ಅವರ ಜೊತೆ ಎರಡು ವರ್ಷ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ಕೋಚ್ ಆದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಹೆಚ್ಚುವರಿ ಸಮಯದ ಕೊನೆಗೆ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಲ್ಲಿ ಗೋವಾವನ್ನು ಸೋಲಿಸಿ ಕಪ್ ಗೆದ್ದರು. ಮತ್ತೆ 'ಹೊಸ ಕೋಚ್ ಬಂದ ವರ್ಷ'! 2022ರಲ್ಲಿ ಸೈಮನ್ ಗ್ರೇಸನ್ ಬಂದರು, ಕೆಲವೇ ತಿಂಗಳಿಗೆ ಸೆಪ್ಟೆಂಬರ್ 18ರಂದು ಡ್ಯುರಾಂಡ್ ಕಪ್. ಮರುವರ್ಷ ಡಿಸೆಂಬರಿನಲ್ಲಿ ಅದೇ ಗ್ರೇಸನ್ ಅವರನ್ನು ಕಳಿಸಿದರು.

ನೋಡಿ, ಕೋಚ್ ಬದಲಾಗುತ್ತಾ ಹೋದರು. ಹೊಸಬ ಬಂದ ವರ್ಷ ಗೆಲ್ಲೋದು ಮತ್ತೆ ಮತ್ತೆ ನಡೆಯಿತು. ಅಂದ್ರೆ ಗೆಲುವು ಒಬ್ಬನ ಜೇಬಿನಲ್ಲಿ ಬಂದದ್ದಲ್ಲ. ಮೊದಲ ವರ್ಷ ವೆಸ್ಟ್‌ವುಡ್ ಹಾಕಿಕೊಟ್ಟ ರೂಢಿ, ಛೆಟ್ರಿಯಂಥ ನಾಯಕ ಅಲ್ಲೇ ಉಳಿದದ್ದು, ಸಂಬಳ ಕೊಡುವ ಕಚೇರಿ, ಪಶ್ಚಿಮದ ಸ್ಟ್ಯಾಂಡಿನ ಜನ... ಇವು ಕೋಚ್ ಹೋದ ಮೇಲೂ ಇದ್ದವು. ವೆಸ್ಟ್‌ವುಡ್ ಮಾಡಿದ ದೊಡ್ಡ ಕೆಲಸ 2014ರ ಕಪ್ ಅಲ್ಲ, ತಾನು ಇಲ್ಲದಾಗಲೂ ನಡೆಯುವ ಒಂದು ಮನೆ ಕಟ್ಟೋಕೆ ಮೊದಲ ಕಲ್ಲು ಇಟ್ಟದ್ದು.

ರಾಜ್ಯ ತಂಡದ ಪಾಳಿ

ಇದೇ ಲೆಕ್ಕಕ್ಕೆ ರಾಜ್ಯ ತಂಡವನ್ನೂ ಸೇರಿಸಿ ನೋಡಬೇಕು. 2022ರ ಏಪ್ರಿಲಿನಲ್ಲಿ ಸಂತೋಷ್ ಟ್ರೋಫಿ ಸೆಮಿಫೈನಲ್, ಕೇರಳದ ಮಂಜೇರಿಯಲ್ಲಿ. ಬಿಬಿ ಥಾಮಸ್ ಕೋಚ್ ಆಗಿದ್ದ ಕರ್ನಾಟಕ ಕೇರಳದ ಕೈಲಿ 3-7ರಿಂದ ಸೋತಿತು. ಏಳು ಗೋಲು! ನೋಡಿದವರಿಗೆ ಹೊಟ್ಟೆ ಉರಿಯಿತು.

ಮುಂದಿನ ಋತುವಿಗೆ ಹೊಸ ಕೋಚ್, ರವಿಬಾಬು ರಾಜು. 2023ರ ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಅದೇ ಕೇರಳವನ್ನು 1-0ಯಿಂದ ಸೋಲಿಸಿದರು. ಸೆಮಿಫೈನಲ್, ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದಿನಲ್ಲಿ, ಸಂತೋಷ್ ಟ್ರೋಫಿ ದೇಶದ ಹೊರಗೆ ಹೋದದ್ದು ಅದೇ ಮೊದಲು. ಸೆಮಿಫೈನಲ್ಲಿನಲ್ಲಿ ಸರ್ವಿಸಸ್ ಎದುರು 3-1. ಮಾರ್ಚ್ 4ರಂದು ಫೈನಲ್ಲಿನಲ್ಲಿ ಮೇಘಾಲಯದ ಎದುರು 3-2. ಸುನಿಲ್ ಕುಮಾರ್, ಬೆಕಿ ಓರಮ್, ರಾಬಿನ್ ಯಾದವ್ ಒಂದೊಂದು ಗೋಲು. ಅರ್ಧ ಸಮಯಕ್ಕೆ ಸ್ವಲ್ಪ ಮೊದಲು ರಾಬಿನ್ ಯಾದವ್ ಹೊಡೆದ ಫ್ರೀ ಕಿಕ್ ಅನ್ನು ಹುಡುಕಿಕೊಂಡಾದರೂ ನೋಡಿ.

54 ವರ್ಷದ ಮೇಲೆ ಟ್ರೋಫಿ ಬಂತು. ಇನ್ನೊಂದು ಮಾತು, ಹಿಂದಿನ ನಾಲ್ಕೂ ಸಲ ಗೆದ್ದದ್ದು ಮೈಸೂರು. 'ಕರ್ನಾಟಕ' ಅನ್ನೋ ಹೆಸರಿಗೆ ಇದೇ ಮೊದಲ ಸಂತೋಷ್ ಟ್ರೋಫಿ. ಅಷ್ಟು ದೊಡ್ಡ ಸಂಗತಿಗೆ ನಮ್ಮಲ್ಲಿ ಎಷ್ಟು ಪಟಾಕಿ ಹೊಡೆದೆವು ಅಂತ ನೀವೇ ನೆನಪು ಮಾಡಿಕೊಳ್ಳಿ.

ಇಲ್ಲೂ ಹೊಸ ಕೋಚ್ ಬಂದ ವರ್ಷವೇ. ಇಲ್ಲೂ ಅದರ ಹಿಂದೆ ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್ ವರ್ಷಾವರ್ಷ ನಡೆಯುತ್ತಾ ಬಂದದ್ದು ಇದೆ. ಆ ಲೀಗ್ ನಿಂತಿದ್ದರೆ ರವಿಬಾಬು ರಾಜು ಅವರಲ್ಲ, ಯಾರು ಬಂದರೂ ಹನ್ನೊಂದು ಜನರನ್ನು ಆರಿಸೋದು ಎಲ್ಲಿಂದ?

ನಮ್ಮ ಕಡೆಗೆ ಬಂದರೆ

ಇಷ್ಟೆಲ್ಲ ಬರೆದದ್ದಕ್ಕೆ ಕಾರಣ ಇದೆ. ಈ ಕತೆಯಲ್ಲಿ ಬೆಂಗಳೂರು ಇದೆ, ಮಣಿಪುರ ಇದೆ, ಲೈಬೀರಿಯಾ ಕೂಡ ಇದೆ. ಕುಮದ್ವತಿ ದಂಡೆಯ ಶಿಕಾರಿಪುರ, ದಂಡಾವತಿ ದಂಡೆಯ ಸೊರಬ ಇಲ್ಲ. ನಮ್ಮ ಹುಡುಗರ ಕಾಲಲ್ಲಿ ಬಲ ಇಲ್ಲ ಅಂತಲ್ಲ. ಅಖಾಡದಲ್ಲಿ ಹೋರಿ ಎದುರು ಜಿಗಿಯೋ ಹುಡುಗರಿಗೆ ಓಟ, ಧೈರ್ಯ ಯಾರೂ ಕಲಿಸಬೇಕಾಗಿಲ್ಲ.

ನನ್ನ ಡಿಗ್ರಿ ದಿನಗಳಲ್ಲಿ ನಮ್ಮ ಕಾಲೇಜಿಗೂ ಒಂದು ವರ್ಷ ಹೊಸ ದೈಹಿಕ ಶಿಕ್ಷಣ ನಿರ್ದೇಶಕರು ಬಂದಿದ್ದರು. ಬಂದ ವಾರಕ್ಕೇ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬನ್ನಿ ಅಂದರು. ಹಳ್ಳಿಯಿಂದ ಬರೋ ಹುಡುಗರಿಗೆ ಮೊದಲ ಬಸ್ಸೇ ಏಳಕ್ಕೆ. ಅವರು ಸಮಯ ಬದಲಿಸಿ ಸಂಜೆ ಮಾಡಿದರು, ಕೊನೇ ಬಸ್ಸು ತಪ್ಪಿದವರನ್ನು ತಮ್ಮ ರೂಮಿನಲ್ಲಿ ಮಲಗಿಸಿಕೊಂಡರು. ಸ್ವಂತ ದುಡ್ಡಲ್ಲಿ ನೆಟ್ ತಂದರು. ಆ ವರ್ಷ ನಮ್ಮ ವಾಲಿಬಾಲ್ ತಂಡ ಅಂತರ ಕಾಲೇಜು ಪಂದ್ಯದಲ್ಲಿ ಮೊದಲ ಸಲ ಎರಡು ಸುತ್ತು ದಾಟಿತು. ನಮಗೆ ಅದೇ ಐ-ಲೀಗ್! ಮುಂದಿನ ವರ್ಷ ಅವರಿಗೆ ವರ್ಗ ಆಯಿತು. ಆ ಜಾಗಕ್ಕೆ ಬಹಳ ದಿನ ಯಾರೂ ಬರಲಿಲ್ಲ. ನೆಟ್ ಮಡಚಿ ಇಟ್ಟರು. ಹೆಗ್ಗಣ ಕಡಿಯಿತು.

ಅವರು ವೆಸ್ಟ್‌ವುಡ್‌ಗಿಂತ ಕಡಿಮೆ ಕೋಚ್ ಆಗಿದ್ದರು ಅಂತ ನಾನು ಒಪ್ಪಲ್ಲ. ವ್ಯತ್ಯಾಸ ಇರೋದು ಅವರು ಹೋದ ಮಾರನೇ ದಿನದಲ್ಲಿ. ಬೆಂಗಳೂರಿನಲ್ಲಿ ಮಾರನೇ ದಿನವೂ ಸ್ಟೇಡಿಯಂ ಬಾಗಿಲು ತೆರೆಯಿತು, ಇನ್ನೊಬ್ಬ ಕೋಚ್ ಬಂದ. ನಮ್ಮಲ್ಲಿ ಒಬ್ಬ ಮೇಷ್ಟ್ರ ಜೊತೆ ಆಟವೂ ವರ್ಗವಾಗಿ ಹೋಯಿತು.

ಬೆಂಗಳೂರಿನ ಕಂಪನಿ ತಂಡಗಳು ಹೋದಾಗ ಹೋದದ್ದು ಕೂಡ ಇಂಥದ್ದೇ. ಆಡಿದರೆ ಒಂದು ಕೆಲಸ ಸಿಗುತ್ತೆ ಅನ್ನೋ ಭರವಸೆ. ಖಾಸಗಿ ಕ್ಲಬ್ ಬಂದು ಕಪ್ ತಂದಿತು, ಸಂತೋಷ. ಆದರೆ ಅದು ತುಂಬಿದ್ದು ಎಷ್ಟು ಜನರ ಜಾಗ? ಒಂದು ಕ್ಲಬ್ಬಿಗೆ ಬೇಕಾಗೋದು ಮೂವತ್ತು ಹುಡುಗರು. ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ ಎಲ್ಲ ಸೇರಿ ವರ್ಷಗಳ ಕಾಲ ಕೆಲಸ ಕೊಟ್ಟದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನಕ್ಕೆ. 2014ರ ಗೆಲುವಿನ ಸಂಭ್ರಮದಲ್ಲಿ ಈ ಲೆಕ್ಕ ಕೇಳಿದವರು ಕಡಿಮೆ. ಇವತ್ತಾದರೂ ಕೇಳಬೇಕು ಅನ್ನೋದು ನನ್ನ ಆಸೆ.

ತಾಲ್ಲೂಕಿಗೊಂದು ಸ್ಟೇಡಿಯಂ ಕಟ್ಟಿಸಿ ಅಂತ ಭಾಷಣ ಮಾಡೋದು ಸುಲಭ. ಶಾಲೆ ಶಾಲೆಗೆ ದೈಹಿಕ ಶಿಕ್ಷಕರ ಹುದ್ದೆ ತುಂಬಿ, ಒಬ್ಬರು ಹೋದರೆ ಮಾರನೇ ತಿಂಗಳು ಇನ್ನೊಬ್ಬರು ಬರೋ ಹಾಗೆ ನೋಡಿಕೊಳ್ಳೋದು ಕಷ್ಟ, ಅದರಲ್ಲಿ ಉದ್ಘಾಟನೆಯ ಕಲ್ಲು ಹಾಕಿಸೋಕೂ ಆಗಲ್ಲ. ಆದರೆ ಗೆಲ್ಲೋದು ಅದರಿಂದಲೇ. ಅಷ್ಟಾಗಿಬಿಟ್ಟರೆ ಹೊಸ ಕೋಚ್ ಬಂದ ವರ್ಷ ಗೆಲ್ಲೋ ಸರದಿ ಒಂದಲ್ಲ ಒಂದು ದಿನ ನಮ್ಮ ಕಡೆಗೂ ಬರುತ್ತೆ. ಫುಟ್‌ಬಾಲೇ ಆಗಬೇಕಂತಿಲ್ಲ, ವಾಲಿಬಾಲಾದರೂ ಸರಿ.

ನಿಮ್ಮೂರಿನಲ್ಲಿ ಹೀಗೆ ಒಬ್ಬ ಮೇಷ್ಟ್ರು ಬಂದು ತಂಡ ಕಟ್ಟಿದ್ದು, ಅವರು ಹೋದ ಮೇಲೂ ಅದು ಉಳಿದದ್ದು ಇದ್ದರೆ ಬರೆಯಿರಿ. ಉಳಿಯದೇ ಹೋದದ್ದಿದ್ದರೂ ಬರೆಯಿರಿ. ಕಪ್ ಗೆದ್ದವರ ಇತಿಹಾಸ ಹೇಗೂ ಎಲ್ಲಾದರೂ ದಾಖಲಾಗುತ್ತೆ. ಇಂಥವನ್ನು ಬರೆದಿಡೋಕೆ ನಮ್ಮಂಥವರೇ ಬೇಕು.